ಗಡಿಯಲ್ಲಿ ಹೆಂಡತಿಯ ಹಂಬಲ: ದೌರ್ಬಲ್ಯವೇ, ಕಾಯಿಲೆಯೇ?

ಪ್ರಶ್ನೆ: ನಾನು ಹೆಬ್ರಿ ಕಡೆಯ ಹಳ್ಳಿಯವನು. ವಯಸ್ಸು 28, ಸೇನೆಗೆ ಸೇರಿ 9 ವರ್ಷವಾಯಿತು. 2025ರ ಏಪ್ರಿಲ್ ಮೊದಲ ವಾರ ನನ್ನ ಮದುವೆಯಾಯಿತು. ಎರಡು ತಿಂಗಳ ರಜೆ ಹಾಕಿದ್ದೆ, ಆದರೆ ಪಹಲ್ಗಾಮ್ ದಾಳಿಯ ಬಳಿಕ ಮೇ ಮೊದಲಲ್ಲೇ ಪಲ್ಟನ್ನಿನಿಂದ ವಾಪಸು ಕರೆ ಬಂತು. ಅಂದಿನಿಂದ ಉತ್ತರದ ಎತ್ತರದ ಪೋಸ್ಟೊಂದರಲ್ಲಿದ್ದೇನೆ. ಗುಂಡಿನ ಸದ್ದು ನಿಂತರೂ ಕಟ್ಟೆಚ್ಚರ ಇಳಿದಿಲ್ಲ. ಮುಂದಿನ ರಜೆ ಯಾವಾಗ ಎಂದು ಹೇಳುವವರಿಲ್ಲ. ವಾರಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಮನೆಗೆ ಮಾತಾಡಲು ಸಿಗುತ್ತದೆ. ಮಾತಾಡಿದ ರಾತ್ರಿಯೇ ನಿದ್ದೆ ಬರುವುದಿಲ್ಲ. ನಡುರಾತ್ರಿ ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ, ಅವಳು ಕರೆದಂತೆ ಕೇಳಿಸುತ್ತದೆ. 'ಹೆಂಡತಿಯನ್ನು ನೆನೆಯುತ್ತ ಕೂತವನು ಮೊದಲು ಸಾಯುತ್ತಾನೆ, ಮರೆತುಬಿಡು' ಎಂದು ಸೀನಿಯರ್ ಒಬ್ಬರು ಹೇಳುತ್ತಾರೆ. ಕಾಮ ಕುಗ್ಗಿಸಲು ಚಹಾದಲ್ಲಿ ಬ್ರೋಮೈಡ್ ಹಾಕುತ್ತಾರೆಂದು ಜೊತೆಯವರು ಹೇಳುತ್ತಾರೆ. ಹಾಗಿದ್ದೂ ನಿದ್ದೆಯಲ್ಲಿ ಸ್ಖಲನವಾಗುತ್ತದೆ, ಮೈಯ ಬಲ ಹೋಗುತ್ತಿದೆಯೇ ಎಂಬ ಹೆದರಿಕೆಯಿದೆ. ಆಟಿಗೆಂದು (ತುಳುನಾಡಿನಲ್ಲಿ ಹೊಸ ಮದುಮಗಳು ತವರಿಗೆ ಹೋಗುವ ಮಳೆಗಾಲದ ತಿಂಗಳು) ಅವಳು ಕಿನ್ನಿಗೋಳಿ ಹತ್ತಿರದ ತವರಿಗೆ ಹೋಗಿದ್ದಾಳೆ. ನಮ್ಮ ಮನೆಯಲ್ಲಿದ್ದಾಗ ಎರಡೇ ಮಾತಾಡುತ್ತಿದ್ದವಳು ಈಗ ಗೆಲುವಾಗಿ ಮಾತಾಡುತ್ತಾಳೆ. ನನ್ನನ್ನು ಮರೆಯುತ್ತಿದ್ದಾಳೆಯೇ ಎಂದು ಸಂಕಟವಾಗುತ್ತದೆ, ಫೋನು ಎತ್ತದಿದ್ದರೆ ಕೆಟ್ಟ ಯೋಚನೆಗಳು ಬರುತ್ತವೆ. ನೆಂಟರಲ್ಲಿ ಕೆಲವರು 'ಮದುವೆಯಾದ ತಿಂಗಳಲ್ಲೇ ಯುದ್ಧ ಬಂತು, ಹುಡುಗಿಯ ಕಾಲ್ಗುಣ' ಎಂದರಂತೆ. ನನಗೆ ಮಾನಸಿಕ ಕಾಯಿಲೆ ಶುರುವಾಗಿದೆಯೇ? ಡಾಕ್ಟರಿಗೆ ಹೇಳಿದರೆ ವೈದ್ಯಕೀಯ ಕೆಟಗರಿ ಇಳಿಸಿ ಮನೆಗೆ ಕಳುಹಿಸುತ್ತಾರೆಯೇ? ಕೆಲಸ ಬಿಟ್ಟು ಬಂದುಬಿಡಲೇ? ಒಮ್ಮೊಮ್ಮೆ ಹೇಳದೆ ಕೇಳದೆ ರೈಲು ಹತ್ತಿಬಿಡೋಣ ಎನಿಸುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಈ ಹಂಬಲ ಕಾಯಿಲೆಯೇ ಎಂಬುದು ಒಂದು. ಅದು ನಿಮ್ಮ ಮೈಯನ್ನೂ ಕೆಲಸವನ್ನೂ ಕೆಡಿಸುತ್ತದೆಯೇ ಎಂಬುದು ಇನ್ನೊಂದು. ಹೆಂಡತಿ ದೂರವಾಗುತ್ತಿದ್ದಾಳೆಯೇ ಎಂಬುದು ಮೂರನೆಯದು. ಹೇಳಿಕೊಂಡರೆ ನೌಕರಿಗೆ ಏನಾಗುತ್ತದೆ ಎಂಬುದು ಕೊನೆಯದು. ಮಂಗಳೂರಿನಲ್ಲಿ ಮನೋವೈದ್ಯನಾಗಿ ಕೆಲಸ ಮಾಡುವ ನನ್ನ ಬಳಿಗೆ ಸೈನಿಕರ ಮಡದಿಯರು, ರಜೆಯಲ್ಲಿ ಬಂದ ಜವಾನರು, ನಿವೃತ್ತರಾಗಿ ಊರು ಸೇರಿದವರು ಬರುತ್ತಾರೆ. ಇವೇ ನಾಲ್ಕು ಚಿಂತೆಗಳನ್ನು ಅವರು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಾರೆ. ನಿಮ್ಮನ್ನು ಎದುರು ಕೂರಿಸಿ ಪರೀಕ್ಷಿಸದೆ ರೋಗನಿರ್ಣಯ ಮಾಡಲಾರೆ. ಆದರೂ ನೀವು ಬರೆದಷ್ಟನ್ನು ನೋಡಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ನಿಮ್ಮ ಹಂಬಲ ಕಾಯಿಲೆಯಲ್ಲ. ಹಂಬಲದ ಸುತ್ತ ಬೆಳೆದಿರುವ ನಿದ್ದೆಗೇಡು, ಸಂಶಯ ಮತ್ತು ಯಾರಿಗೂ ಹೇಳದ ಮೌನ, ಈ ಮೂರಕ್ಕೆ ಮಾತ್ರ ಈಗಲೇ ಆರೈಕೆ ಬೇಕು.

ಸೈನಿಕನ ಮನೆಯ ಹಂಬಲವನ್ನು ವೈದ್ಯರೇ ರೋಗವೆಂದು ಬರೆದ ಕಾಲವೊಂದಿತ್ತು. 1688ರಲ್ಲಿ ಬಾಸೆಲ್ ನಗರದ ವೈದ್ಯವಿದ್ಯಾರ್ಥಿ ಯೊಹಾನೆಸ್ ಹೋಫರ್ ತನ್ನ ಪ್ರಬಂಧದಲ್ಲಿ, ಊರು ಬಿಟ್ಟು ದೂರ ಉಳಿದವರು ಸೊರಗುವುದನ್ನು ಒಂದು ವ್ಯಾಧಿಯಾಗಿ ವರ್ಣಿಸಿದ. ಪರದೇಶಗಳಲ್ಲಿ ಕೂಲಿ ಸೈನಿಕರಾಗಿ ದುಡಿಯುತ್ತಿದ್ದ ಸ್ವಿಸ್ ಯುವಕರ ಹೆಸರಿಗೆ ಈ ವ್ಯಾಧಿ ಬಹುಕಾಲ ಅಂಟಿಕೊಂಡಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿಯೂ ಸೇನಾ ವೈದ್ಯರು ಸಾವಿರಾರು ಸೈನಿಕರ ದಾಖಲೆಗಳಲ್ಲಿ ಇದನ್ನೇ ರೋಗವಾಗಿ, ಕೆಲವೆಡೆ ಸಾವಿನ ಕಾರಣವಾಗಿಯೂ ಬರೆದರು. ಆ ಶಿಬಿರಗಳಲ್ಲಿ ಭೇದಿ, ವಿಷಮಶೀತ ಜ್ವರ ಮತ್ತು ಹಸಿವು ಎಷ್ಟು ಜನರನ್ನು ತಿಂದವೆಂಬುದನ್ನು ಬಲ್ಲ ಇಂದಿನ ವೈದ್ಯರು ಆ ಸಾವುಗಳನ್ನು ನೆನಪಿನ ಲೆಕ್ಕಕ್ಕೆ ಬರೆಯಲಾರರು. ಇಂದಿನ ರೋಗಪಟ್ಟಿಗಳಲ್ಲಿ ಮನೆಯ ಹಂಬಲ ಅಥವಾ ಮಡದಿಯ ಹಂಬಲ ಎಂಬ ಕಾಯಿಲೆಯೇ ಇಲ್ಲ. ಹಂಬಲದ ಜೊತೆಗೆ ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು ಕವಿದರೆ, ಊಟ ಸೇರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ಅದನ್ನು ಖಿನ್ನತೆ ಎನ್ನುತ್ತೇವೆ. ಇದು ಬೇರೆ, ಅದು ಬೇರೆ.

ಹಾಗಾದರೆ ಇಷ್ಟು ನೋವೇಕೆ? ಸಂಗಾತಿಯೊಬ್ಬಳ ಸಾಮೀಪ್ಯಕ್ಕೆ ಮೈ ಒಗ್ಗಿಕೊಳ್ಳುತ್ತದೆ. ಅವಳ ಧ್ವನಿ, ಸ್ಪರ್ಶ, ಪಕ್ಕದಲ್ಲಿ ಮಲಗಿದವಳ ಉಸಿರು, ಇವೆಲ್ಲ ನಮ್ಮ ಆತಂಕವನ್ನು ಇಳಿಸುವ ಕೆಲಸ ಮಾಡುತ್ತಿರುತ್ತವೆ. ಅಮೆರಿಕದ ಹುಲ್ಲುಗಾವಲುಗಳಲ್ಲಿ ವೋಲ್ ಎಂಬ ಇಲಿಯ ಜಾತಿಯೊಂದಿದೆ. ಅದು ಜೋಡಿ ಕಟ್ಟಿಕೊಂಡು ಬಾಳುವ ಪ್ರಾಣಿಯಾದ್ದರಿಂದ ವಿಜ್ಞಾನಿಗಳು ಅದರ ಮೇಲೆ ಬಹಳ ಅಧ್ಯಯನ ಮಾಡಿದ್ದಾರೆ. ಗಂಡು ವೋಲನ್ನು ಅದರ ಜೊತೆಗಾತಿಯಿಂದ ಬೇರ್ಪಡಿಸಿದರೆ ಅದು ಮಂಕಾಗುತ್ತದೆ, ಅದರ ಮಿದುಳಿನಲ್ಲಿ ಒತ್ತಡದ ರಾಸಾಯನಿಕಗಳ ವ್ಯವಸ್ಥೆ ಕೆರಳುತ್ತದೆ. ಜೊತೆಗಿದ್ದ ಒಡಹುಟ್ಟಿದ ಗಂಡಿನಿಂದ ಬೇರ್ಪಡಿಸಿದಾಗ ಹೀಗಾಗುವುದಿಲ್ಲ. ಮನುಷ್ಯನನ್ನು ಇಲಿಗೆ ಸಮ ಮಾಡಲು ಇದನ್ನು ಹೇಳುತ್ತಿಲ್ಲ. ಅಗಲಿಕೆಯ ನೋವು ಮನೋಬಲದ ಕೊರತೆಯಿಂದ ಹುಟ್ಟುವುದಲ್ಲ, ದೇಹದೊಳಗೇ ಅದಕ್ಕೆ ಬೇರು ಇದೆ ಎಂಬುದು ನಿಮಗೆ ತಿಳಿದಿರಲಿ. ಮದುವೆಯಾಗಿ ತಿಂಗಳು ತುಂಬುವ ಮೊದಲೇ ನೀವು ಹೊರಟಿರಿ. ಬಾಂಧವ್ಯ ಬಲಿಯುವ ಹೊತ್ತಿಗೇ ಅಗಲಿಕೆ ಬಂದಾಗ ಅದು ಹೆಚ್ಚು ಕಾಡುತ್ತದೆ. ಹತ್ತು ವರ್ಷ ಸಂಸಾರ ಮಾಡಿದವನಿಗೆ ಹಿಂದಿರುಗಿ ನೋಡಲು ಇರುವ ನೆನಪಿನ ರಾಶಿ ನಿಮಗಿನ್ನೂ ಕೂಡಿಬಂದಿಲ್ಲ.

ಇನ್ನು ನಿಮ್ಮ ಸೀನಿಯರ್ ಹೇಳಿದ ಮಾತು. ಅವರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿರಬೇಕು, ಅದರಲ್ಲಿ ಅರ್ಧ ಸತ್ಯವೂ ಇದೆ. ಕಾವಲಿನಲ್ಲಿ ನಿಂತವನ ಗಮನ ಕದಡಬಾರದು ಎಂಬುದು ನಿಜ. ಆದರೆ ಹೆಂಡತಿಯ ನೆನಪೇ ಸೈನಿಕನನ್ನು ದುರ್ಬಲಗೊಳಿಸುತ್ತದೆ ಎಂಬುದು ಸುಳ್ಳು. ಎರಡನೆಯ ಮಹಾಯುದ್ಧದಲ್ಲಿ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ತಂಡ ಅಮೆರಿಕದ ಸೈನಿಕರನ್ನು, ಕಾಳಗ ಕಠಿಣವಾದಾಗ ನಿಮ್ಮನ್ನು ಮುನ್ನಡೆಸಿದ್ದೇನು ಎಂದು ಕೇಳಿತು. ಕೆಲಸ ಮುಗಿಸಿ ಮನೆ ಸೇರಬೇಕೆಂಬ ಆಸೆ, ಪಕ್ಕದಲ್ಲಿರುವವನ ಕೈಬಿಡಬಾರದೆಂಬ ಭಾವ, ಮನೆಯವರ ನೆನಪು ಎಂದು ಹೇಳಿದವರು ಶತ್ರುವಿನ ಮೇಲಿನ ದ್ವೇಷ ಎಂದವರಿಗಿಂತ ಬಹಳ ಹೆಚ್ಚು. ಮನೆಯ ನೆನಪು ಸೈನಿಕನ ಕಾಲಿಗೆ ಕಟ್ಟಿದ ಕಲ್ಲಾಗಿದ್ದರೆ ಅವರು ಹೀಗೆ ಹೇಳುತ್ತಿರಲಿಲ್ಲ.

'ಮರೆತುಬಿಡು' ಎಂಬ ಸಲಹೆ ನಡೆಯದು ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು, ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಕೆಲವರಿಗೆ ಹೇಳಿ ಪ್ರಯೋಗ ಮಾಡಿದರು. ಹಾಗೆ ತಡೆಹಿಡಿದವರಿಗೆ ಆಗಲೂ ಕರಡಿ ನೆನಪಾಗುತ್ತಲೇ ಇತ್ತು. ತಡೆ ತೆಗೆದ ಮೇಲಂತೂ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಹೆಚ್ಚಾಗಿ ನೆನಪಾಯಿತು. ನೀವು ಹಗಲಿಡೀ ಹೆಂಡತಿಯ ನೆನಪನ್ನು ಅದುಮಿಟ್ಟುಕೊಂಡಿರುತ್ತೀರಿ, ರಾತ್ರಿ ಮಲಗಿದಾಗ ಅದುಮುವ ಕೈ ಸಡಿಲವಾಗುತ್ತದೆ, ಎಲ್ಲವೂ ಒಟ್ಟಿಗೆ ಬರುತ್ತದೆ. ನಮ್ಮ ಕಡೆ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ (ಒಡ್ಡು) ಹಾಕುವವರು ಹೆಚ್ಚಾದ ನೀರಿಗೆ ಒಂದು ದಾರಿ ಬಿಟ್ಟೇ ಹಾಕುತ್ತಾರೆ. ಹಂಬಲಕ್ಕೂ ಅಂಥ ದಾರಿ ಬೇಕು. ಕಾವಲಿನ ಹೊತ್ತಿಗೆ ಅವಳ ನೆನಪು ಬಂದರೆ 'ಬಂತು, ಸಂಜೆ ನೋಡೋಣ' ಎಂದು ಅದನ್ನು ಗುರುತಿಸಿ, ಕಣ್ಣನ್ನೂ ಕಿವಿಯನ್ನೂ ಎದುರಿನ ನೆಲಕ್ಕೆ ತಿರುಗಿಸಿ. ಸಂಜೆಯ ಒಂದು ನಿಗದಿತ ಹೊತ್ತಿನಲ್ಲಿ, ಇಪ್ಪತ್ತು ನಿಮಿಷವಾದರೂ ಸರಿ, ಮನಸಾರೆ ನೆನೆಯಿರಿ. ಫೋಟೋ ನೋಡಿ, ಬರೆಯಿರಿ, ಅಳು ಬಂದರೆ ಅಳಿ. ಮೊದಲ ಕೆಲವು ದಿನ ಇದು ಕೃತಕವೆನಿಸುತ್ತದೆ, ಆಮೇಲೆ ಮನಸ್ಸು ಆ ಹೊತ್ತಿಗೆ ಕಾಯಲು ಕಲಿಯುತ್ತದೆ. ನೆನಪನ್ನು ಕೊಲ್ಲಲು ಹೊರಟವರಿಗಿಂತ ಅದಕ್ಕೊಂದು ಹೊತ್ತು ಕೊಟ್ಟವರು ಬೇಗ ನೆಮ್ಮದಿಗೆ ಬಂದದ್ದನ್ನು ನಾನು ನೋಡಿದ್ದೇನೆ.

ನಡುರಾತ್ರಿಯ ಎಚ್ಚರದ ವಿಷಯದಲ್ಲಿ ನಿಮ್ಮ ಹೆಂಡತಿಗಿಂತ ಪರ್ವತದ ಪಾತ್ರ ದೊಡ್ಡದಿರಬಹುದು. ಸಮುದ್ರಮಟ್ಟದಿಂದ ಸುಮಾರು 2500 ಮೀಟರಿಗೂ ಮೇಲೆ, ಅಂದರೆ 8000 ಅಡಿ ದಾಟಿದ ಮೇಲೆ, ಗಾಳಿಯಲ್ಲಿನ ಆಮ್ಲಜನಕದ ಒತ್ತಡ ಕಡಿಮೆಯಿರುವುದರಿಂದ ನಿದ್ದೆಯಲ್ಲಿ ಉಸಿರಾಟದ ಲಯ ತಪ್ಪುತ್ತದೆ. ಕೆಲ ಉಸಿರು ಜೋರಾಗಿ ಬಂದು, ನಿಧಾನಿಸಿ, ಕೆಲ ಕ್ಷಣ ನಿಂತೇಹೋಗಿ, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತದೆ. ಆ ಹೊತ್ತಿಗೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದು ಎತ್ತರದ ಪ್ರದೇಶದಲ್ಲಿರುವ ಬಹಳ ಜನರ ಅನುಭವ. ಆಮ್ಲಜನಕದ ಕೊರತೆ ಮನಸ್ಸನ್ನೂ ಮಂಕಾಗಿಸುತ್ತದೆ, ಸಿಡುಕು ತರುತ್ತದೆ. ಎಚ್ಚರವಾದ ಕೂಡಲೇ ನಿಮ್ಮ ಮನಸ್ಸಿನಲ್ಲಿ ಮೊದಲು ಏಳುವುದು ಅವಳ ನೆನಪಾದ್ದರಿಂದ, ನೆನಪೇ ಎಬ್ಬಿಸಿತು ಎಂದು ತೋರುತ್ತದೆ. ಇದನ್ನು ನಿಮ್ಮ ರೆಜಿಮೆಂಟಿನ ವೈದ್ಯಾಧಿಕಾರಿಗೆ ಉಸಿರಾಟದ ತೊಂದರೆಯೆಂದೇ ಹೇಳಿ. ಅದಕ್ಕೆ ಔಷಧವಿದೆ, ಅದನ್ನು ಅವರೇ ಕೊಡಬೇಕು. ಯಾರೋ ಕೊಟ್ಟ ನಿದ್ದೆ ಮಾತ್ರೆಯನ್ನಾಗಲಿ, ನಿದ್ದೆ ತರಿಸುವ ಕೆಮ್ಮಿನ ಸಿರಪ್ಪನ್ನಾಗಲಿ ಎತ್ತರದಲ್ಲಿ ನೀವಾಗಿ ತೆಗೆದುಕೊಳ್ಳಬೇಡಿ. ಕೆಲವು ನಿದ್ದೆ ಮಾತ್ರೆಗಳು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ರಮ್ ಸಹ ಹಾಗೆಯೇ: ಬೇಗ ನಿದ್ದೆ ಹತ್ತಿಸಿ, ರಾತ್ರಿಯ ಎರಡನೆಯ ಭಾಗದ ನಿದ್ದೆಯನ್ನು ಒಡೆಯುತ್ತದೆ.

ಅವಳು ಕರೆದಂತೆ ಕೇಳಿಸುವುದು, ನಿದ್ದೆಗೆ ಜಾರುವಾಗ ಅಥವಾ ನಿದ್ದೆಯಿಂದ ಏಳುವಾಗ ಆಗುವುದಾದರೆ, ಹೆದರಬೇಕಾದದ್ದಲ್ಲ. ಅರೆನಿದ್ದೆಯ ಮಿದುಳು ತಾನು ಹೆಚ್ಚಾಗಿ ಕಾಯುತ್ತಿರುವ ದನಿಯನ್ನು ತಾನೇ ಕಟ್ಟಿಕೊಡುತ್ತದೆ, ಆರೋಗ್ಯವಂತರಲ್ಲಿಯೂ ಇದು ಸಾಮಾನ್ಯ. ಪೂರ್ಣ ಎಚ್ಚರದಲ್ಲಿ, ಹಗಲು ಹೊತ್ತಿನಲ್ಲಿ, ಇಲ್ಲದ ದನಿಗಳು ಮಾತಾಡತೊಡಗಿದರೆ ಅಥವಾ ಆಜ್ಞೆ ಕೊಡತೊಡಗಿದರೆ ಮಾತ್ರ ಅದೇ ದಿನ ವೈದ್ಯರಿಗೆ ಹೇಳಬೇಕು.

ಬ್ರೋಮೈಡಿನ ಕಥೆ ಜಗತ್ತಿನ ಹಲವು ಸೇನೆಗಳ ಬ್ಯಾರಕ್ಕುಗಳಲ್ಲಿ ತಲೆಮಾರುಗಳಿಂದ ಓಡಾಡುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೋಮೈಡ್ ಲವಣಗಳು ಅಪಸ್ಮಾರಕ್ಕೂ ನಿದ್ದೆಗೂ ಔಷಧವಾಗಿದ್ದವು. ಬಹುಶಃ ಕಥೆಯ ಮೂಲ ಅಲ್ಲಿರಬಹುದು. ಕಾಮವನ್ನು ಕುಗ್ಗಿಸುವಷ್ಟು ಬ್ರೋಮೈಡ್ ಕುಡಿದವನಿಗೆ ಮಂಪರು ಹತ್ತುತ್ತದೆ, ನಡಿಗೆ ತಡವರಿಸುತ್ತದೆ, ಬುದ್ಧಿ ಮಂದವಾಗುತ್ತದೆ. ಅಂಥ ಜವಾನನನ್ನು ಕಾವಲಿಗೆ ನಿಲ್ಲಿಸಲು ಯಾವ ಸೇನೆಯೂ ಬಯಸದು. ನಿಮ್ಮ ಚಹಾ ಬರೀ ಚಹಾ. ನಿದ್ದೆಯಲ್ಲಿ ಸ್ಖಲನವಾಗುವುದೂ ದೇಹದ ಸಹಜ ಕ್ರಿಯೆ, ಹೆಂಡತಿಯಿಂದ ದೂರವಿರುವಾಗ ಅದು ಹೆಚ್ಚಾಗುವುದೂ ಸಹಜ. ಧಾತು ನಷ್ಟದಿಂದ ಬಲ ಹೋಗುತ್ತದೆ ಎಂಬ ಭಯ ನಮ್ಮ ಉಪಖಂಡದಲ್ಲಿ ಎಷ್ಟು ವ್ಯಾಪಕವೆಂದರೆ, 1960ರಲ್ಲಿ ಮನೋವೈದ್ಯ ಡಾ. ಎನ್.ಎನ್. ವಿಗ್ ಆ ಭಯದಿಂದ ಹುಟ್ಟುವ ಸುಸ್ತು, ಆತಂಕಗಳಿಗೆ 'ಧಾತ್ ಸಿಂಡ್ರೋಮ್' ಎಂದೇ ಹೆಸರಿಟ್ಟರು. ಅಲ್ಲಿ ಮನುಷ್ಯನನ್ನು ಸೊರಗಿಸುವುದು ಸ್ಖಲನವಲ್ಲ, ಅದರ ಬಗೆಗಿನ ಭಯ. ಈ ಭಯಕ್ಕೆ ದುಬಾರಿ ಲೇಹ್ಯ ಮಾರುವವರಿಗೆ ಹಣ ಕಳುಹಿಸಬೇಡಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗಕ್ಕೆ ಬರುತ್ತೇನೆ. ತವರಿಗೆ ಹೋದ ಮೇಲೆ ಅವಳ ದನಿ ಗೆಲುವಾಗಿದೆ ಎಂದು ನೀವು ಸಂಕಟಪಡುತ್ತೀರಿ. ನಿಮ್ಮ ಮನೆಯಲ್ಲಿ ಆ ಹತ್ತು ನಿಮಿಷ ಹೇಗೆ ಹಂಚಿಹೋಗುತ್ತಿತ್ತು ಎಂದು ನೆನಪಿಸಿಕೊಳ್ಳಿ. ಫೋನು ಮೊದಲು ಅಮ್ಮನ ಕೈಗೆ, ಆಮೇಲೆ ಅಪ್ಪನಿಗೆ, ನಡುವೆ ಅಕ್ಕನ ಮಕ್ಕಳಿಗೆ, ಕೊನೆಯ ಎರಡು ನಿಮಿಷ ಅವಳಿಗೆ. ಅದೂ ಚಾವಡಿಯಲ್ಲಿ, ಎಲ್ಲರ ಕಿವಿಗಳ ನಡುವೆ. ಮದುವೆಯಾಗಿ ತಿಂಗಳಾದ ಹುಡುಗಿ, ಅತ್ತೆ ಮಾವ ಕೂತಲ್ಲಿ, ನಿಮ್ಮ ನೆನಪಾಗುತ್ತದೆ ಎಂದು ಹೇಗೆ ಹೇಳಿಯಾಳು? 'ಹೂಂ', 'ಸರಿ', 'ಊಟ ಆಯಿತಾ', ಅಷ್ಟೇ ಬರುತ್ತದೆ. ತವರಿನಲ್ಲಿ ಅವಳು ಫೋನು ಹಿಡಿದು ಅಂಗಳಕ್ಕೆ ಹೋಗಬಲ್ಲಳು, ತನ್ನ ಮಾತನ್ನು ತನ್ನ ರಾಗದಲ್ಲಿ ಆಡಬಲ್ಲಳು. ಆ ಗೆಲುವು ನಿಮ್ಮನ್ನು ಮರೆತದ್ದರಿಂದ ಬಂದಿರಬೇಕಾಗಿಲ್ಲ. ಕೊನೆಗೂ ನಿಮ್ಮೊಡನೆ ಮಾತಾಡಲು ಎಡೆ ಸಿಕ್ಕಿದ್ದರಿಂದ ಬಂದಿರುವ ಸಂಭವವೇ ಹೆಚ್ಚು. ಗಂಡ ಗಡಿಯಲ್ಲಿರುವ ಹೆಣ್ಣುಮಕ್ಕಳು ನನ್ನ ಬಳಿ ಬಂದಾಗ, ಗಂಡನಿಲ್ಲದ ಗಂಡನ ಮನೆಯಲ್ಲಿ ತಾವು ಯಾರು ಎಂದೇ ತಿಳಿಯುವುದಿಲ್ಲ ಎಂದು ಹೇಳುವುದನ್ನು ಕೇಳಿದ್ದೇನೆ. ನಿಮ್ಮ ಹೆಂಡತಿ ನಿಮ್ಮನ್ನೂ ಅರಿತುಕೊಳ್ಳುವ ಮೊದಲೇ ಆ ಮನೆಯನ್ನು ಅರಿತುಕೊಳ್ಳಬೇಕಾಯಿತು.

ಫೋನು ಎತ್ತದಿರುವುದಕ್ಕೂ ಮಳೆಗಾಲದಲ್ಲಿ ನೂರು ಕಾರಣಗಳುಂಟು. ನಮ್ಮ ಕರಾವಳಿಯ ಊರುಗಳಲ್ಲಿ ಆಟಿಯ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ, ಫೋನಿನ ಚಾರ್ಜೂ ಹೋಗುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನಿದ್ದೆಗೆಟ್ಟ, ಸದಾ ಅಪಾಯವನ್ನೇ ಹುಡುಕಲು ತರಬೇತಾದ ಮನಸ್ಸು ಖಾಲಿ ಜಾಗ ಕಂಡಲ್ಲೆಲ್ಲ ಅಪಾಯವನ್ನೇ ತುಂಬಿಕೊಳ್ಳುತ್ತದೆ. ಗಡಿಯಲ್ಲಿ ನಿಮ್ಮ ಜೀವ ಉಳಿಸುವ ಅದೇ ಗುಣ ಸಂಸಾರದೊಳಗೆ ಬಂದಾಗ ಸಂಶಯವಾಗುತ್ತದೆ. ಸಂಶಯವನ್ನು ಪ್ರಶ್ನೆಗಳಿಂದ ತೀರಿಸಿಕೊಳ್ಳಲು ಹೋಗಬೇಡಿ. 'ಯಾಕೆ ಎತ್ತಲಿಲ್ಲ, ಎಲ್ಲಿದ್ದೆ, ಯಾರಿದ್ದರು' ಎಂದು ವಿಚಾರಣೆ ನಡೆಸಿದ ಕರೆ ಮುಗಿದ ಮೇಲೆ ನಿಮಗೆ ಒಂದು ಗಂಟೆಯ ಸಮಾಧಾನ ಸಿಗುತ್ತದೆ, ಅವಳಿಗೆ ಮುಂದಿನ ಕರೆಯ ಭಯ ಶುರುವಾಗುತ್ತದೆ. ಅವಳ ಫೋನಿನ ಪಾಸ್‌ವರ್ಡ್ ಕೇಳುವುದು, ನೆಂಟರಿಂದ ಅವಳ ಮೇಲೆ ಕಣ್ಣಿಡಿಸುವುದು, ಇಂಥವುಗಳಿಂದ ಮುರಿದ ಸಂಸಾರಗಳನ್ನು ಕಂಡಿದ್ದೇನೆ. ಅವುಗಳಲ್ಲಿ ಎಷ್ಟೋ ಕಡೆ ಸಂಶಯಕ್ಕೆ ಆಧಾರವೇ ಇರಲಿಲ್ಲ.

ಕಾಲ್ಗುಣದ ಮಾತಿಗೆ ನನ್ನ ಬಳಿ ಸಹನೆಯಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ನಡೆದ ದಾಳಿಗೂ, ಮೇ 7ರಂದು ಆರಂಭವಾದ ಸೇನಾ ಕಾರ್ಯಾಚರಣೆಗೂ, ಕಿನ್ನಿಗೋಳಿಯ ಹುಡುಗಿಯೊಬ್ಬಳು ಹೆಬ್ರಿಯ ಮನೆಯ ಹೊಸ್ತಿಲು ದಾಟಿದ್ದಕ್ಕೂ ಏನು ಸಂಬಂಧ? ಗಂಡ ಯುದ್ಧಭೂಮಿಯಲ್ಲಿದ್ದಾನೆಂಬ ಭಯದ ಮೇಲೆ, ಅದಕ್ಕೆ ತಾನೇ ಕಾರಣ ಎಂಬ ಅಪರಾಧಿ ಭಾವವನ್ನೂ ಅವಳ ತಲೆಗೆ ಕಟ್ಟುವುದು ಕ್ರೌರ್ಯ. ಇದಕ್ಕೆ ಉತ್ತರ ಕೊಡಬೇಕಾದವರು ನೀವೇ. ಮುಂದಿನ ಕರೆಯಲ್ಲಿ ಅಮ್ಮನಿಗೆ ನೇರವಾಗಿ, ಗೌರವದಿಂದ ಹೇಳಿ: ಈ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಬಾರದು. ಅಮ್ಮ ದೈವಕ್ಕೆ ಹರಕೆ ಹೊತ್ತಿದ್ದರೆ ಅದನ್ನು ತಡೆಯಬೇಡಿ. ಅವರ ಆತಂಕಕ್ಕೆ ಅದು ಆಸರೆ, ಅದರಿಂದ ಯಾರಿಗೂ ಕೇಡಿಲ್ಲ.

ಕರೆಗಳ ವ್ಯವಸ್ಥೆಯನ್ನು ಹೀಗೆ ಬದಲಿಸಿ ನೋಡಿ. ವಾರದ ಒಂದು ಕರೆ ಮನೆಯವರೆಲ್ಲರಿಗೆ, ಇನ್ನೊಂದು ಅವಳಿಗೆ ಮಾತ್ರ. ಇದನ್ನು ನೀವೇ ಮನೆಯಲ್ಲಿ ಹೇಳಬೇಕು, ಅವಳಿಂದ ಹೇಳಿಸಬಾರದು. ಅವಳ ಕರೆಯಲ್ಲಿ ಮೊದಲು ಅವಳ ದಿನದ ಸಣ್ಣ ಸಂಗತಿಗಳನ್ನು ಕೇಳಿ: ಅಡುಗೆ, ಬಸ್ಸು, ಹಿತ್ತಿಲು, ನೆರೆಮನೆ. ಹಂಬಲದಲ್ಲಿರುವವರು ಹತ್ತೂ ನಿಮಿಷ 'ನಿನ್ನ ನೆನಪಾಗುತ್ತದೆ' ಎಂಬುದನ್ನೇ ಹೇಳಿ ಇಬ್ಬರನ್ನೂ ಬಳಲಿಸುತ್ತಾರೆ. ಮಾತಾಡಿದ ರಾತ್ರಿಯೇ ನಿಮಗೆ ನಿದ್ದೆ ಬಾರದಿರಲು ಇದೂ ಒಂದು ಕಾರಣವಿರಬಹುದು. ದಿನನಿತ್ಯದ ವಿವರಗಳಿಂದ ಅವಳ ಬದುಕು ನಿಮ್ಮ ಕಣ್ಣಿಗೆ ಕಟ್ಟುತ್ತದೆ, ಊಹೆಗೆ ಜಾಗ ಕಡಿಮೆಯಾಗುತ್ತದೆ. ಸಾಧ್ಯವಿದ್ದರೆ ಕರೆಯನ್ನು ಮಲಗುವ ಹೊತ್ತಿಗೆ ತಾಗಿಸದೆ ಸಂಜೆಗೆ ಮುಂಚೆ ಮಾಡಿ.

ಉಳಿದದ್ದನ್ನು ಪತ್ರದಲ್ಲಿ ಬರೆಯಿರಿ. ಇಂದಿನ ಹುಡುಗರಿಗೆ ಇದು ಹಳೆಯ ಕಾಲದ ಸಲಹೆ ಎನಿಸಬಹುದು, ಆದರೆ ನಾನು ಇದನ್ನು ಔಷಧದಷ್ಟೇ ಗಂಭೀರವಾಗಿ ಹೇಳುತ್ತಿದ್ದೇನೆ. ಪಶ್ಚಿಮ ಮತ್ತು ಉತ್ತರದ ಗಡಿಗೆ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್), ಪೂರ್ವಕ್ಕೆ 99 ಎಪಿಒ ಎಂಬ ವಿಳಾಸದಲ್ಲಿ ಸೇನಾ ಅಂಚೆ ಇಂದಿಗೂ ನಡೆಯುತ್ತಿದೆ; ಪೋಸ್ಟಿನ ಜಾಗ ಯಾರಿಗೂ ತಿಳಿಯದಂತೆ ಕಾಗದ ನಿಮ್ಮ ಕೈ ಸೇರುತ್ತದೆ. ಚಾವಡಿಯಲ್ಲಿ ಆಡಲಾಗದ ಮಾತನ್ನು ಅವಳು ಕಾಗದದಲ್ಲಿ ಬರೆಯಬಲ್ಲಳು, ನೀವು ಅದನ್ನು ಮತ್ತೆ ಮತ್ತೆ ಓದಬಲ್ಲಿರಿ. ಕಾರ್ಗಿಲ್ ಕಾಲದಲ್ಲಿ ಗಡಿಯಲ್ಲಿದ್ದು ಈಗ ಊರಿನಲ್ಲಿ ನೆಲೆಸಿರುವ ಕೆಲವರು ನನ್ನೊಡನೆ ಮಾತಾಡುವಾಗ, ಹೆಂಡತಿಯನ್ನು ನೆನೆದು ಕೊರಗಿದ್ದಕ್ಕೆ ಪಶ್ಚಾತ್ತಾಪ ಪಟ್ಟದ್ದಿಲ್ಲ. ಕೊರಗಿದ್ದನ್ನು ಅವಳಿಗೆ ಒಮ್ಮೆಯೂ ಹೇಳದೆ ಹೋದದ್ದಕ್ಕೆ ಪಟ್ಟದ್ದುಂಟು. ಬರೆಯುವಾಗ ಜಾಗ, ಚಲನವಲನ, ಆಯುಧಗಳ ಸುಳಿವು ಬೇಡ, ಅದು ನಿಮಗೆ ಗೊತ್ತೇ ಇದೆ. ಒಂಟಿತನದ ರಾತ್ರಿಗಳಲ್ಲಿ ಸಾಮಾಜಿಕ ಜಾಲತಾಣದಲ್ಲಿ ಅಪರಿಚಿತ ಹೆಣ್ಣಿನ ಹೆಸರಿನಿಂದ ಬರುವ ಸವಿಮಾತುಗಳ ಬಗ್ಗೆಯೂ ಎಚ್ಚರವಿರಲಿ. ಮಡದಿಯಿಂದ ದೂರವಿರುವ ಸೈನಿಕರನ್ನೇ ಹುಡುಕಿ ಬಲೆ ಬೀಸುವ ನಕಲಿ ಖಾತೆಗಳ ಕಾರಣಕ್ಕೂ 2020ರಲ್ಲಿ ಸೇನೆ ತನ್ನವರಿಗೆ 89 ಆ್ಯಪ್‌ಗಳನ್ನು ತೆಗೆದುಹಾಕಲು ಆದೇಶಿಸಿತ್ತು.

ಪತ್ರದಷ್ಟೇ ಅಗತ್ಯವಾದದ್ದು ಪಲ್ಟನ್ನಿನೊಳಗೆ ಒಬ್ಬನಿಗಾದರೂ ಹೇಳಿಕೊಳ್ಳುವುದು. ತುಳು ಮಾತಾಡುವವರು ಸುತ್ತ ಯಾರೂ ಇಲ್ಲದಿದ್ದರೆ ನಿಮ್ಮ ಒಂಟಿತನ ಇನ್ನಷ್ಟು ಗಾಢವಾಗಿರಬೇಕು. ದುಃಖ ಹುಟ್ಟಿದ ಭಾಷೆಯಲ್ಲೇ ಹೊರಬಂದರೆ ಸುಲಭ, ಹಿಂದಿಯಲ್ಲಿ ಹೇಳುವಾಗ ಅರ್ಧ ಅಲ್ಲೇ ಉಳಿಯುತ್ತದೆ. ಆದರೂ ಜೋಡಿ ಜವಾನನಿಗೆ ಹೇಳಿ. ಅವನಿಗೂ ಮನೆಯಿದೆ.

ಕೆಟಗರಿಯ ಭಯ ಸುಳ್ಳಲ್ಲ, ಅದನ್ನು ಇದ್ದ ಹಾಗೆಯೇ ಹೇಳುತ್ತೇನೆ. ಸೇನೆಯ ವೈದ್ಯಕೀಯ ವರ್ಗೀಕರಣವಾದ 'ಶೇಪ್' ಪದ್ಧತಿಯ ಮೊದಲ ಅಂಶವೇ ಮಾನಸಿಕ ಆರೋಗ್ಯ. ಖಿನ್ನತೆ ಅಥವಾ ಗಂಭೀರ ಆತಂಕ ಎಂದು ನಿರ್ಣಯವಾದರೆ ತಾತ್ಕಾಲಿಕವಾಗಿ ಕೆಳಗಿನ ವರ್ಗಕ್ಕೆ ಇಳಿಸಬಹುದು, ಕೆಲಕಾಲ ಆಯುಧವಿಲ್ಲದ ಕೆಲಸ ಕೊಡಬಹುದು, ಅದರ ಪರಿಣಾಮ ಬಡ್ತಿಯ ಮೇಲೂ ಆಗಬಹುದು. ಆದರೆ ತಾತ್ಕಾಲಿಕ ಇಳಿಕೆ ಮರುಪರಿಶೀಲನೆಗೆ ಒಳಪಡುತ್ತದೆ, ಗುಣವಾದವರು ಮೊದಲ ವರ್ಗಕ್ಕೆ ಮರಳುತ್ತಾರೆ. ಹೀಗೆ ತಾತ್ಕಾಲಿಕವಾಗಿ ಕೆಟಗರಿ ಇಳಿದ ಮಾತ್ರಕ್ಕೆ ಮನೆಗೆ ಕಳುಹಿಸುವುದಿಲ್ಲ. ನಿದ್ದೆ ಬರುತ್ತಿಲ್ಲ, ಉಸಿರು ಕಟ್ಟುತ್ತದೆ, ಮನೆಯ ಚಿಂತೆಯಿದೆ ಎಂದು ಹೇಳಿಕೊಂಡ ಮಾತ್ರಕ್ಕೆ ಯಾವ ನಿರ್ಣಯವೂ ಆಗಿಬಿಡುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ಮನೋವೈದ್ಯ ಥಾಮಸ್ ಸಾಲ್ಮನ್ ಮತ್ತು ಅವರ ಕಾಲದವರು ಕಂಡುಕೊಂಡ ಪಾಠವನ್ನು ಸೇನಾ ವೈದ್ಯಶಾಸ್ತ್ರ ಇಂದಿಗೂ ಬಿಟ್ಟಿಲ್ಲ: ಬಳಲಿದ ಸೈನಿಕನಿಗೆ ಆದಷ್ಟು ಬೇಗ, ಆದಷ್ಟು ಹತ್ತಿರದಲ್ಲಿ, ಮತ್ತೆ ಸರಿಹೋಗುತ್ತಾನೆಂಬ ಭರವಸೆಯೊಂದಿಗೆ ಆರೈಕೆ ಕೊಟ್ಟರೆ ಅವನು ತನ್ನ ತುಕಡಿಗೆ ಮರಳುವ ಸಂಭವ ಹೆಚ್ಚು. ತಡಮಾಡಿ, ದೂರದ ಆಸ್ಪತ್ರೆಗೆ ಸಾಗಿಸುವ ಸ್ಥಿತಿ ಬಂದಾಗಲೇ ಕೆಟಗರಿಯ ಪ್ರಶ್ನೆ ದೊಡ್ಡದಾಗುವುದು. ಮೊದಲು ಮಾತಾಡಲು ವೈದ್ಯಾಧಿಕಾರಿ ಬೇಡವೆನಿಸಿದರೆ ಪಲ್ಟನ್ನಿನ ಧರ್ಮಗುರುವಿನ ಬಳಿಗೆ ಹೋಗಿ. ಹೊರಗಿನ ದನಿಯೇ ಬೇಕಾದರೆ 14416 ಸಂಖ್ಯೆಯ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು. ಸೇನೆಯವರಿಗಾಗಿಯೇ ಅದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು. ನಿಮ್ಮ ಹೆಂಡತಿಯೂ 14416ಕ್ಕೆ ಕರೆ ಮಾಡಬಹುದು. ಮನೆಯ ಕಡೆ ಏನಾದರೂ ನೆರವು ಬೇಕಾದರೆ ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.

ಒಂದು ವಿಷಯದಲ್ಲಿ ಮಾತ್ರ ಯಾವ ಲೆಕ್ಕಾಚಾರವನ್ನೂ ಹಾಕಬೇಡಿ. ಬದುಕುವುದೇ ಬೇಡವೆನಿಸಿದರೆ, ಕೈಯಲ್ಲಿರುವ ಆಯುಧವನ್ನು ತನ್ನ ಮೇಲೆಯೋ ಇನ್ನೊಬ್ಬರ ಮೇಲೆಯೋ ತಿರುಗಿಸುವ ಯೋಚನೆ ಒಮ್ಮೆ ಸುಳಿದರೂ, ಆ ಕ್ಷಣವೇ ಪಕ್ಕದವನಿಗೆ ಹೇಳಿ ಆಯುಧವನ್ನು ಅವನ ಕೈಗೆ ಕೊಟ್ಟುಬಿಡಿ. ಕೆಟಗರಿ, ಬಡ್ತಿ, ಮರ್ಯಾದೆ ಎಲ್ಲ ಆಮೇಲೆ. ಆ ಯೋಚನೆ ಬಂದಾಗ ಅದು ಶಾಶ್ವತವೆನಿಸುತ್ತದೆ. ಆರೈಕೆ ಸಿಕ್ಕರೆ ಹೋಗಿಬಿಡುತ್ತದೆ.

ಹೇಳದೆ ಕೇಳದೆ ರೈಲು ಹತ್ತುವ ಯೋಚನೆಯ ಬಗ್ಗೆ ಸ್ಪಷ್ಟವಾಗಿರೋಣ. ಅಗಲಿಕೆಯಲ್ಲಿ ಅಂಥ ಯೋಚನೆ ಬರುವುದು ಅಪರಾಧವಲ್ಲ, ಬಹಳ ಜನರಿಗೆ ಬರುತ್ತದೆ. ಹಾಗೆ ಮಾಡುವುದು ಮಾತ್ರ 1950ರ ಸೇನಾ ಕಾಯ್ದೆಯ 38 ಮತ್ತು 39ನೇ ಕಲಮುಗಳ ಅಡಿಯಲ್ಲಿ ಅಪರಾಧ. ಸಕ್ರಿಯ ಕಾರ್ಯಾಚರಣೆಯ ಕಾಲದ ಪಲಾಯನಕ್ಕೆ ಕಾನೂನು ಮರಣದಂಡನೆಯವರೆಗೂ ಅವಕಾಶವಿಟ್ಟಿದೆ. ನೀವು ಯಾರಿಗಾಗಿ ಓಡಿ ಬರುತ್ತೀರೋ ಅವಳೊಡನೆ ಒಂದು ದಿನವೂ ನೆಮ್ಮದಿಯಿಂದ ಇರಲಾಗುವುದಿಲ್ಲ. ರಜೆಯ ದಾರಿ ನಿಧಾನವಾದರೂ ಅದೇ ದಾರಿ. ಜವಾನರಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ, 30 ದಿನಗಳ ಸಾಂದರ್ಭಿಕ ರಜೆ ಇದೆ. ಪರಿಸ್ಥಿತಿ ನೋಡಿ ಕೊಡುವಂಥದ್ದು ನಿಜ, ಆದರೆ ಮದುವೆಯ ರಜೆ ಅರ್ಧಕ್ಕೇ ಮುರಿದುಹೋದ ಸಂಗತಿಯನ್ನು ಕಂಪನಿ ಕಮಾಂಡರಿಗೆ ಬರಹದಲ್ಲಿ ಕೊಟ್ಟಿರಿ. ಕೇಳದವನ ಹೆಸರು ಪಟ್ಟಿಯಲ್ಲಿ ಮೇಲೇರುವುದಿಲ್ಲ. ಜೊತೆಗೆ, ಮುಂದಿನ ಶಾಂತಿ ಪ್ರದೇಶದ ಪೋಸ್ಟಿಂಗ್ ಯಾವಾಗ, ಅಲ್ಲಿ ಕುಟುಂಬದ ವಸತಿಗೆ ಅರ್ಜಿ ಯಾವಾಗ ಹಾಕಬೇಕು ಎಂಬುದನ್ನು ಈಗಲೇ ವಿಚಾರಿಸಿ ಅವಳಿಗೆ ತಿಳಿಸಿ. ಕೊನೆಯಿಲ್ಲದ ಕಾಯುವಿಕೆಗಿಂತ ದೂರದ್ದಾದರೂ ಗೊತ್ತಿರುವ ತಿಂಗಳೊಂದು ಇಬ್ಬರಿಗೂ ಸಹ್ಯ.

ರಜೆ ಸಿಕ್ಕಿ ಊರಿಗೆ ಬಂದಾಗ ಮೊದಲ ಕೆಲವು ದಿನ ಅಪರಿಚಿತ ಎನಿಸಬಹುದು. ನಿಮ್ಮ ಕಲ್ಪನೆಯಲ್ಲಿ ಬೆಳೆದ ಹೆಂಡತಿಗೂ ಎದುರಿಗಿರುವವಳಿಗೂ ವ್ಯತ್ಯಾಸ ಕಾಣಬಹುದು, ನೀವಿಲ್ಲದೆ ದಿನ ಸಾಗಿಸಲು ಅವಳು ಕಲಿತಿರುತ್ತಾಳೆ, ನೇಮದ (ದೈವದ ಕೋಲದ) ಗರ್ನಾಲ್ ಪಟಾಕಿಯ ಸದ್ದಿಗೆ ನಿಮ್ಮ ಮೈ ಬೆಚ್ಚಬಹುದು. ಇದರಿಂದ ಪ್ರೀತಿ ಕುಂದಿತೆಂದು ತಿಳಿಯದೆ, ಹೊಸದಾಗಿ ಪರಿಚಯವಾದವರಂತೆ ಸಾವಕಾಶವಾಗಿ ಶುರುಮಾಡಿ. ಆ ವಾರ ನೆಂಟರ ಮನೆಗಳ ಸುತ್ತಾಟವನ್ನು ಕಡಿಮೆ ಮಾಡಿ.

ಕೆಲಸ ಬಿಡುವ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದನ್ನು ನೀವು ಈಗ ನಿರ್ಧರಿಸಬಾರದು. ಕೌಟುಂಬಿಕ ಕಾರಣಗಳಿಗೆ ಅವಧಿಗೆ ಮೊದಲೇ ಬಿಡುಗಡೆ ಕೇಳಲು ಸೇನೆಯಲ್ಲಿ ಅವಕಾಶವಿದೆ. ಆದರೆ ಜವಾನನಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಆಗಿರಬೇಕು, ನಿಮ್ಮದು ಒಂಬತ್ತಾಗಿದೆ. ಆರು ವರ್ಷ ದೊಡ್ಡ ಅವಧಿ, ಅದಕ್ಕಾಗಿ ಸಂಸಾರವನ್ನು ಬಲಿ ಕೊಡಿ ಎಂದು ನಾನು ಹೇಳುವುದಿಲ್ಲ. ಬಿಟ್ಟು ಬಂದು ಊರಿನಲ್ಲಿ ನೆಮ್ಮದಿಯಾಗಿ ಬಾಳುತ್ತಿರುವವರನ್ನೂ ಬಲ್ಲೆ, ಬಿಟ್ಟದ್ದಕ್ಕೆ ಹೆಂಡತಿಯನ್ನೇ ಹೊಣೆಯಾಗಿಸಿ ವರ್ಷಗಟ್ಟಲೆ ಕುಟುಕುತ್ತಿರುವವರನ್ನೂ ಬಲ್ಲೆ. ಎರಡನೆಯವರಲ್ಲಿ ಹೆಚ್ಚಿನವರು ನಿದ್ದೆಯಿಲ್ಲದ ರಾತ್ರಿಗಳಲ್ಲಿ, ಒಬ್ಬರೇ ನಿರ್ಧರಿಸಿದವರು. ನಿಮ್ಮ ನಿದ್ದೆ ಸರಿಯಾಗಿ, ಮುಂದಿನ ರಜೆಯ ಮೊದಲ ಎರಡು ವಾರ ಕಳೆದ ಮೇಲೆ, ಕಾಗದದ ಮೇಲೆ ಪಿಂಚಣಿ, ಸಾಲ, ಊರಿನಲ್ಲಿ ಸಿಗಬಹುದಾದ ಕೆಲಸ ಎಲ್ಲವನ್ನೂ ಬರೆದುಕೊಂಡು, ಅವಳನ್ನೂ ಕೂರಿಸಿಕೊಂಡು ಮಾತಾಡಿ. ಆಗ ಇಬ್ಬರೂ ಸೇರಿ ಬರುವ ತೀರ್ಮಾನ ಯಾವುದೇ ಆಗಿರಲಿ, ಅದು ಒಬ್ಬರ ಮೇಲೆ ಇನ್ನೊಬ್ಬರು ಹೊರಿಸುವ ಹೊರೆಯಾಗುವ ಸಂಭವ ಕಡಿಮೆ.